ಕಾಡಿನ ದಾರಿಯಲ್ಲಿ ಹಾಳುಕೋಟೆಗೆ

ಸ್ಟುಟ್‌ಗಾರ್ಟ್ ಸುತ್ತಮುತ್ತಲಿನ ಕನ್ನಡಿಗರ ಮನೆಗಳಿಗೆ ಬೇಸಿಗೆಯಲ್ಲಿ ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ, ದೊಡ್ಡಪ್ಪನ ಮಕ್ಕಳು ಬಂದಿಳಿಯುತ್ತಾರೆ. ಬಂದವರನ್ನು ಎಲ್ಲಿಗಾದರೂ ಸುತ್ತಾಡಿಸಬೇಕಲ್ಲ, ಆ ಕೆಲಸ ಹೇಗೋ ನನ್ನ ಕೊರಳಿಗೆ ಬಿದ್ದಿದೆ. ನನ್ನದು ಒಂದೇ ದಾರಿ. ಶ್ವೇಬಿಷ್ ಆಲ್ಬ್ ಎಂಬ ಸುಣ್ಣಕಲ್ಲಿನ ಬೆಟ್ಟಸೀಮೆಯ ಅಂಚಿನಲ್ಲಿ ಬಾಡ್ ಊರಾಖ್ ಎಂಬ ಪುಟ್ಟ ಪೇಟೆ ಇದೆ. ಅಲ್ಲಿಂದ ಬೀಚ್ ಮರಗಳ ಕಾಡಿನಲ್ಲಿ ನಡೆದು, ಜಲಪಾತ ನೋಡಿ, ಹೋಹೆನೂರಾಖ್ ಎಂಬ ಹಾಳುಕೋಟೆಯನ್ನು ಹತ್ತುವುದು. ಜನರನ್ನು ಹತ್ತಿಸಿ ಇಳಿಸಿ ಕಲಿತ ಕೆಲವು ಮಾತುಗಳು ಇಲ್ಲಿವೆ.

1. ಮೇಲೆ ಛಾವಣಿ ಇಲ್ಲ ಎಂದು ಹೊರಡುವ ಮೊದಲೇ ಹೇಳಿ

ಜರ್ಮನಿಯ ಕೋಟೆ ಎಂದರೆ ನಮ್ಮವರ ಕಣ್ಣಿಗೆ ಬರುವುದು ಕ್ಯಾಲೆಂಡರಿನ ನೋಯ್‌ಶ್ವಾನ್‌ಸ್ಟೈನ್. ಅದನ್ನು ಕಟ್ಟಲು ಶುರುಮಾಡಿದ್ದೇ 1869ರಲ್ಲಿ. ಆ ಹೊತ್ತಿಗೆ ಬೆಂಗಳೂರಿಗೆ ರೈಲು ಬಂದು ಐದು ವರ್ಷವಾಗಿತ್ತು! ಹೋಹೆನೂರಾಖ್ 11ನೇ ಶತಮಾನದ್ದು. ಇಲ್ಲಿ ಸಿಂಹಾಸನವಿಲ್ಲ, ತೂಗುದೀಪವಿಲ್ಲ, ಟಿಕೆಟ್ ಕೌಂಟರೂ ಇಲ್ಲ. ಇರುವುದು ಬಾಗಿಲಿಲ್ಲದ ಹೆಬ್ಬಾಗಿಲು, ದಪ್ಪ ಗೋಡೆ, ಗೋಡೆಯ ಸಂದಿಯಲ್ಲಿ ಬೇರುಬಿಟ್ಟ ಗಿಡ. ಇಷ್ಟನ್ನು ಮೊದಲೇ ಹೇಳಿಟ್ಟರೆ, ಮೇಲೆ ಹೋದಮೇಲೆ "ಇಷ್ಟೇನಾ?" ಎಂಬ ಪ್ರಶ್ನೆ ಏಳುವುದಿಲ್ಲ.

2. ಮೆಟ್ಸಿಂಗೆನ್‌ನಲ್ಲಿ ಯಾರನ್ನೂ ಸ್ಟೇಷನ್ನಿನಿಂದಾಚೆ ಬಿಡಬೇಡಿ

ಊರಾಖ್‌ನ ರೈಲು ಹಿಡಿಯಲು ಮೆಟ್ಸಿಂಗೆನ್‌ನಲ್ಲಿ ಇಳಿಯಬೇಕು. ಆ ಊರು ಹೂಗೋ ಬಾಸ್‌ನ ತವರು. ದೊಡ್ಡ ಬ್ರ್ಯಾಂಡ್‌ಗಳ ರಿಯಾಯಿತಿ ಅಂಗಡಿಗಳು ಬೀದಿಬೀದಿಗೂ ಇವೆ. ಒಮ್ಮೆ ಅತ್ತ ಕಾಲಿಟ್ಟವರು ಸಂಜೆಯವರೆಗೆ ಸಿಗುವುದಿಲ್ಲ.

3. ಜಲಪಾತದವರೆಗೆ ಎಲ್ಲರೂ, ಅಲ್ಲಿಂದ ಮುಂದೆ ಮನಸ್ಸಿದ್ದವರು

ಮುಖ್ಯ ಸ್ಟೇಷನ್ನಿಗೆ ಮೊದಲೇ ಜಲಪಾತದ ಹೆಸರಿನದೇ ಒಂದು ನಿಲ್ದಾಣವಿದೆ. ಅಲ್ಲಿಳಿದರೆ ತೊರೆಯ ಪಕ್ಕದ ದಾರಿ ಬಹುಪಾಲು ಸಮತಟ್ಟು, ಮಂಡಿನೋವಿನವರೂ ಬರಬಹುದು. ಕೊನೆಯಲ್ಲಿ ನೀರು 37 ಮೀಟರ್ ಎತ್ತರದಿಂದ ನೇರ ಬೀಳುತ್ತದೆ. ಜೋಗ ಕಂಡವರು ತುಟಿ ಓರೆ ಮಾಡುತ್ತಾರೆ, ಮಾಡಲಿ. ಇಲ್ಲಿ ನೋಡಬೇಕಾದದ್ದು ಎತ್ತರವನ್ನಲ್ಲ. ಮಳೆನೀರು ಬೆಟ್ಟದೊಳಗೆ ಇಳಿಯುತ್ತ ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ಹೊರಗೆ ಬಂದು ಗಾಳಿ ತಗಲಿದೊಡನೆ ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಸುಣ್ಣ ಪಾಚಿಯ ಮೇಲೆ, ಬಿದ್ದ ಎಲೆಗಳ ಮೇಲೆ ಕೂತು ಕಲ್ಲಾಗುತ್ತದೆ. ಬೇರೆ ಜಲಪಾತಗಳು ಬಂಡೆಯನ್ನು ಕೊರೆದು ಹಿಂದೆ ಸರಿಯುತ್ತವೆ, ಇದು ತನ್ನ ಬಂಡೆಯನ್ನು ತಾನೇ ಕಟ್ಟಿಕೊಂಡು ಮುಂದೆ ಬರುತ್ತದೆ.

ಟೂಫಾ ಎಂಬ ಈ ಕಲ್ಲು ಹಸಿಯಾಗಿದ್ದಾಗ ಮೆತ್ತಗಿರುತ್ತದೆ, ಗರಗಸದಲ್ಲಿ ಕೊಯ್ಯಬಹುದು. ಒಣಗಿದ ಮೇಲೆ ಗಟ್ಟಿ. ಈ ಸೀಮೆಯ ಹಳೆಯ ಗೋಡೆಗಳಲ್ಲಿ ಇದನ್ನು ಕಂಡಾಗ ನಾನು ಮಕ್ಕಳ ಬೆರಳು ಹಿಡಿದು ಅದರ ಮೇಲೆ ಆಡಿಸುತ್ತೇನೆ. ತೂತುತೂತು, ಒರಟೊರಟು. ಹುಡುಕಿದರೆ ಎಲೆಯೊಂದರ ನರಗಳ ಅಚ್ಚು ಉಗುರಿಗೆ ಸಿಗುತ್ತದೆ.

ಜಲಪಾತದ ಪಕ್ಕದ ಮೆಟ್ಟಿಲಿನಿಂದ ಮುಂದೆ ಏರು. ಪೇಟೆ ಸುಮಾರು 460 ಮೀಟರ್ ಎತ್ತರದಲ್ಲಿದ್ದರೆ ಕೋಟೆಯ ನೆತ್ತಿ 692 ಮೀಟರ್. ಹಿರಿಯರು ಕೆಳಗೇ ಕೂರುತ್ತೇವೆ ಎಂದರೆ ಬಲವಂತ ಬೇಡ. ಪುಳಿಯೋಗರೆ ಡಬ್ಬಿ ಅವರ ಕೈಯಲ್ಲಿ ಬಿಡಬೇಕೋ ಬೇಡವೋ ಎಂಬುದನ್ನು ಮಾತ್ರ ಯೋಚಿಸಿ ತೀರ್ಮಾನಿಸಿ. ನೀರು ಎಲ್ಲರೂ ಹೊತ್ತುಕೊಳ್ಳಲಿ.

4. ಉಣ್ಣೆಯ ವಿಷಯದಲ್ಲಿ ಸಂಕೋಚ ಬೇಡ

ಮಲೆನಾಡಿನವರು ಇಂಬಳ ಇದೆಯೇ ಎಂದು ಕೇಳುತ್ತಾರೆ. ಇಲ್ಲ ಎಂದಾಕ್ಷಣ ನಿರಾಳವಾಗುತ್ತಾರೆ. ಆದರೆ ಇಂಬಳಕ್ಕಿಂತ ಕೆಟ್ಟದ್ದು ಇದೆ. ಇಲ್ಲಿನ ಉಣ್ಣೆ ಎರಡು ರೋಗ ತರಬಲ್ಲದು: ಲೈಮ್ ಮತ್ತು ಮಿದುಳಿನ ಉರಿಯೂತ. ಮಿದುಳಿನ ರೋಗಕ್ಕೆ ಲಸಿಕೆ ಇದೆ, ಬಾಡೆನ್-ವ್ಯೂರ್ಟೆಂಬರ್ಗ್ ಹೆಚ್ಚುಕಮ್ಮಿ ಪೂರ್ತಿಯಾಗಿ ಅದರ ಅಪಾಯ ವಲಯ. ಲೈಮ್‌ಗೆ ಆ ಲಸಿಕೆ ನಡೆಯುವುದಿಲ್ಲ.

ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯ ವೈರಸ್ಸೂ ಇಲ್ಲಿನ ಮಿದುಳಿನ ಉರಿಯೂತದ ವೈರಸ್ಸೂ ಒಂದೇ ವಂಶದವು, ಎರಡನ್ನೂ ಹೊತ್ತು ತಿರುಗುವುದು ಉಣ್ಣೆಯೇ. ಹಾಗಾಗಿ ಮಲೆನಾಡಿನವರು ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಲು ನಾಚುವುದಿಲ್ಲ, ಬೆಂಗಳೂರಿನವರು ಫೋಟೊ ಕೆಡುತ್ತದೆ ಎನ್ನುತ್ತಾರೆ. ಸೀರೆಯುಟ್ಟು ಬಂದ ತಾಯಂದಿರಿಗೆ ದಾರಿಯ ನಡುವೆಯೇ ನಡೆಯಿರಿ, ಹುಲ್ಲಿಗೆ ಸೆರಗು-ನೆರಿಗೆ ತಗಲದಿರಲಿ ಎನ್ನುತ್ತೇನೆ. ಮನೆಗೆ ಹೋದಮೇಲೆ ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂಬದಿ ನೋಡಿಕೊಳ್ಳಬೇಕು. ಕಂಡರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನಿಧಾನ ಎಳೆಯಿರಿ. ಎಣ್ಣೆ ಹಚ್ಚುವ ಹಳೆಯ ಉಪಾಯ ಬೇಡ.

5. ಸೊಪ್ಪು ಕೀಳುವ ಕೈಗಳನ್ನು ತಡೆಯಿರಿ

ಏಪ್ರಿಲ್‌ನಲ್ಲಿ ಕಾಡಿನ ನೆಲವೆಲ್ಲ ಬೆಳ್ಳುಳ್ಳಿ ವಾಸನೆ. ಕಾಡುಬೆಳ್ಳುಳ್ಳಿಯ ಅಗಲ ಎಲೆ ಕಂಡೊಡನೆ ನಮ್ಮ ಹೆಂಗಸರಿಗೆ ಚಟ್ನಿ ನೆನಪಾಗುತ್ತದೆ. ಈ ಕಣಿವೆಯ ಬಹುಭಾಗ ಸಂರಕ್ಷಿತ, ಇಲ್ಲಿ ಕೀಳುವಂತಿಲ್ಲ. ಬೇರೆಡೆ ಕೀಳುವುದಾದರೂ, ಲಿಲಿ ಆಫ್ ದಿ ವ್ಯಾಲಿ, ಕಾಲ್ಚಿಕಮ್ ಎಂಬ ಎರಡು ವಿಷಗಿಡಗಳ ಎಲೆಯೂ ಸುಮಾರು ಹೀಗೇ ಇರುತ್ತದೆ. ಮೂಸಿ ನೋಡಿದರಾಯಿತು ಎನ್ನುವವರಿಗೆ ಒಂದು ಮಾತು: ನಾಲ್ಕು ಎಲೆ ಕಿತ್ತಮೇಲೆ ನಿಮ್ಮ ಬೆರಳೇ ಬೆಳ್ಳುಳ್ಳಿ ನಾರುತ್ತಿರುತ್ತದೆ, ಐದನೆಯದು ಯಾವುದಾದರೂ ಮೂಗಿಗೆ ಅದೇ.

6. ಕಾಡನ್ನೂ ಕೋಟೆಯನ್ನೂ ಒಟ್ಟಿಗೆ ಮೆಚ್ಚುವಾಗ, ಇವೆರಡೂ ಶತ್ರುಗಳು ಎಂದು ನೆನಪಿಡಿ

ನನ್ನ ಮಟ್ಟಿಗೆ ಇಡೀ ನಡಿಗೆಯ ಸ್ವಾರಸ್ಯ ಇದೇ. ಕೊನೆಯ ಏರಿನಲ್ಲಿ ಎಲ್ಲರೂ ಹೇಳುವ ಮಾತು, "ಎಂಥಾ ಕಾಡಿನ ನಡುವೆ ಕಟ್ಟಿದ್ದಾರೆ ನೋಡಿ!" ಹಾಗೆ ಕಟ್ಟಲಿಲ್ಲ. ಕೋಟೆಯಲ್ಲಿ ಕಾವಲಿದ್ದಾಗ ಈ ಇಳಿಜಾರಿನಲ್ಲಿ ಮರ ಮೇಲೇಳಲು ಬಿಡುತ್ತಿರಲಿಲ್ಲ. ಮರವೆಂದರೆ ದಾಳಿಗೆ ಬಂದವನಿಗೆ ಮರೆ. ಜೊತೆಗೆ ಒಲೆಗೆ ಸೌದೆ, ತೊಲೆಗೆ ಮರ, ಕುರಿಗೆ ಮೇವು, ಎಲ್ಲವೂ ಇದೇ ಗುಡ್ಡದಿಂದ ಆಗಬೇಕಿತ್ತು. ಬಂದೂಕು-ಫಿರಂಗಿಯ ಕಾಲ ಬಂದಮೇಲಂತೂ ಗುರಿಗೆ ಅಡ್ಡವೇ ಇರಕೂಡದು. 16ನೇ ಶತಮಾನದಲ್ಲಿ ಡ್ಯೂಕ್ ಉಲ್ರಿಖ್ ತನ್ನ ನಾಡಿನ ಏಳು ಕೋಟೆಗಳನ್ನು ಫಿರಂಗಿಗೆ ಎದೆಕೊಡುವಂತೆ ಬಲಪಡಿಸಿದ. ಹೋಹೆನೂರಾಖ್ ಅವುಗಳಲ್ಲಿ ಒಂದು. ಈಗ ನೆರಳು ಕೊಡುತ್ತಿರುವ ಬೀಚ್ ಮರಗಳು ಕೋಟೆ ಬಿದ್ದ ಮೇಲೆ ಹತ್ತಿ ಬಂದವು.

ನಮ್ಮಲ್ಲಿ ಲೆಕ್ಕವೇ ಬೇರೆ. ಕೌಟಿಲ್ಯನ ಅರ್ಥಶಾಸ್ತ್ರ ದುರ್ಗಗಳನ್ನು ಎಣಿಸುವಾಗ ನೀರು, ಬೆಟ್ಟ, ಮರುಭೂಮಿಗಳ ಸಾಲಿನಲ್ಲೇ ವನದುರ್ಗವನ್ನೂ ಸೇರಿಸುತ್ತದೆ. ಕವಲೇದುರ್ಗ ಹತ್ತಿದವರಿಗೆ ಇದು ಕಾಲಿಗೇ ಗೊತ್ತಾಗಿರುತ್ತದೆ: ಅಲ್ಲಿ ಮಳೆ, ಮುಳ್ಳು, ಕಾಡು ಎಲ್ಲವೂ ಕೋಟೆಯ ಪರವಾಗಿ ನಿಂತ ಸೈನ್ಯ. ಇಲ್ಲಿ ಕಾಡನ್ನು ಕಡಿದು ಕಾದರು, ಅಲ್ಲಿ ಕಾಡನ್ನು ಬೆಳೆಯಬಿಟ್ಟು ಕಾದರು. ಹಾಗಾಗಿ ಏರಿನ ಒಂದು ತಿರುವಿನಲ್ಲಿ ಎಲ್ಲರನ್ನೂ ನಿಲ್ಲಿಸುತ್ತೇನೆ. ಮರಗಳನ್ನೆಲ್ಲ ಮನಸ್ಸಿನಲ್ಲೇ ತೆಗೆದುಹಾಕಿ, ಮೇಲಿನ ಗೋಡೆಯಿಂದ ನಿಮ್ಮನ್ನು ನೋಡಿಕೊಳ್ಳಿ ಎನ್ನುತ್ತೇನೆ. ಹರಟೆ ಸ್ವಲ್ಪ ಹೊತ್ತು ನಿಲ್ಲುತ್ತದೆ.

7. ಯುದ್ಧದ ಕಥೆ ಹುಡುಕಬೇಡಿ, ಇದು ಸೆರೆಮನೆ

1490ರಲ್ಲಿ ಕೌಂಟ್ ಎಬರ್‌ಹಾರ್ಡ್ ತನ್ನ ಚಿಕ್ಕಪ್ಪನ ಮಗ ಹೈನ್‌ರಿಖ್‌ನನ್ನು, ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಇಲ್ಲಿ ಕೂಡಿಹಾಕಿದ. ಹೈನ್‌ರಿಖ್ 1519ರಲ್ಲಿ ಸತ್ತದ್ದೂ ಇಲ್ಲೇ. ಹೆಂಡತಿ ಏವಾ ಅವನೊಂದಿಗೇ ಉಳಿದಳು. 1498ರಲ್ಲಿ ಅವರಿಗೆ ಈ ಬೆಟ್ಟದ ಮೇಲೆಯೇ ಗಂಡುಮಗು ಹುಟ್ಟಿತು. ಏಳು ಕೋಟೆಗಳ ಉಲ್ರಿಖ್ ಕೂಡ ಹೈನ್‌ರಿಖ್‌ನ ಮಗನೇ, ಮೊದಲ ಹೆಂಡತಿಯವನು. 1593ರಲ್ಲಿ ಉಲ್ರಿಖ್‌ನ ಸಂತಾನ ಮುಗಿದಾಗ ಪಟ್ಟಕ್ಕೆ ಬಂದವನು ಸೆರೆಯಲ್ಲಿ ಹುಟ್ಟಿದ ಆ ಕೂಸಿನ ಮಗ. ಹುಚ್ಚನೆಂದು ಬೀಗ ಹಾಕಿಸಿಕೊಂಡವನಿಂದಲೇ ವ್ಯೂರ್ಟೆಂಬರ್ಗಿನ ಮುಂದಿನ ಡ್ಯೂಕ್‌ಗಳ ವಂಶ ಬೆಳೆಯಿತು.

ಇನ್ನೊಬ್ಬ ಕೈದಿ ನಿಕೊಡೇಮುಸ್ ಫ್ರಿಶ್‌ಲಿನ್, ಲ್ಯಾಟಿನ್ ಕವಿ, ನಾಟಕಕಾರ, ಟ್ಯೂಬಿಂಗೆನ್‌ನಲ್ಲಿ ಮೇಷ್ಟ್ರು. ರೈತರ ಬದುಕನ್ನು ಹೊಗಳಿ, ಜಮೀನ್ದಾರ ಕುಲೀನರನ್ನು ಜಾಡಿಸಿ ಭಾಷಣ ಬರೆದು ಊರೆಲ್ಲ ವೈರ ಕಟ್ಟಿಕೊಂಡವನು. 1590ರ ನವೆಂಬರ್ ಕೊನೆಯ ಒಂದು ರಾತ್ರಿ ಬಟ್ಟೆ ಸೀಳಿ ಹೊಸೆದ ಹಗ್ಗ ಹಿಡಿದು ಗೋಡೆಯಿಂದ ಇಳಿದ. ಹಗ್ಗ ಹರಿದು ಬಂಡೆಗಳ ಮೇಲೆ ಬಿದ್ದು ಸತ್ತ. ಗೋಡೆಯಂಚಿಗೆ ಹೋಗಿ ಸೆಲ್ಫಿ ತೆಗೆಯುವ ಹುಡುಗರಿಗೆ ನಾನು ಬೇರೆ ಎಚ್ಚರಿಕೆ ಕೊಡುವುದಿಲ್ಲ, ಈ ಕಥೆ ಹೇಳುತ್ತೇನೆ.

8. ಕಲ್ಲು ಎಲ್ಲಿಗೆ ಹೋಯಿತು ಎಂದು ಕೇಳಿ

ಕೋಟೆಯನ್ನು ಶತ್ರು ಕೆಡವಲಿಲ್ಲ. 1765ರಿಂದ ಡ್ಯೂಕ್ ಕಾರ್ಲ್ ಓಯ್ಗೆನ್ ತಾನೇ ಬಿಚ್ಚಿಸಿ, ಸಾಮಗ್ರಿಯನ್ನು ಗ್ರಾಫೆನೆಕ್‌ನ ತನ್ನ ಬೇಟೆ ಬಂಗಲೆಗೆ ಸಾಗಿಸಿದ. ಇಲ್ಲಿಗೇ ನಿಲ್ಲಿಸಬಹುದು, ಪ್ರವಾಸಿಗರಿಗೆ ಅಷ್ಟು ಸಾಕು. ದೊಡ್ಡವರಿದ್ದರೆ ನಾನು ನಿಲ್ಲಿಸುವುದಿಲ್ಲ. ಗ್ರಾಫೆನೆಕ್ ಆಮೇಲೆ ಅಂಗವಿಕಲರ ಆಶ್ರಮವಾಗಿತ್ತು. ನಾಜಿಗಳು ಅದನ್ನು ಕಿತ್ತುಕೊಂಡು, 1940ರ ಒಂದೇ ವರ್ಷದಲ್ಲಿ ಅದರ ಆವರಣದಲ್ಲಿ ಮನೋರೋಗಿಗಳೂ ಅಂಗವಿಕಲರೂ ಸೇರಿ 10,600ಕ್ಕೂ ಹೆಚ್ಚು ಜನರನ್ನು ಅನಿಲದಿಂದ ಕೊಂದರು. ಯುದ್ಧದ ನಂತರ ಆಶ್ರಮ ಮರಳಿತು, ಈಗ ಪಕ್ಕದಲ್ಲಿ ಸ್ಮಾರಕವೂ ಇದೆ. ಹೈನ್‌ರಿಖ್‌ನ ಕಥೆ ಕೇಳಿದವರಿಗೆ ಇದರ ಮೇಲೆ ಟಿಪ್ಪಣಿ ಬೇಕಾಗುವುದಿಲ್ಲ.

9. ಗಾಳಿಯಿದ್ದರೆ ಹೊರಡಬೇಡಿ

ಬೀಚ್‌ನ ಒಣಕೊಂಬೆ ಸದ್ದಿಲ್ಲದೆ ಬೀಳುತ್ತದೆ. ಮಳೆ ಬಂದ ಮರುದಿನ ಸುಣ್ಣಕಲ್ಲಿನ ಮೇಲಿನ ಎಲೆ ಜಾರುತ್ತದೆ. ಅಕ್ಟೋಬರ್ ಬಣ್ಣಕ್ಕೆ ಎಲ್ಲರೂ ಬರುತ್ತಾರೆ. ನನ್ನ ಆಯ್ಕೆ ಏಪ್ರಿಲ್. ಮರ ಚಿಗುರುವ ಮೊದಲು ಬಿಸಿಲು ನೆಲಮುಟ್ಟುತ್ತದೆ, ಹೂವೆಲ್ಲ ಆಗಲೇ ಅರಳಿ ಮುಗಿಸುತ್ತವೆ. ಕೊಂಬೆಗಳ ನಡುವೆ ಕೋಟೆಯ ಗೋಡೆ ದೂರದಿಂದಲೇ ಕಾಣುತ್ತದೆ.

10. ಸಮಯ ಉಳಿದರೆ ಟ್ಯೂಬಿಂಗೆನ್

ಹೈನ್‌ರಿಖ್‌ನನ್ನು ಕೂಡಿಹಾಕಿದ ಎಬರ್‌ಹಾರ್ಡ್ ಹುಟ್ಟಿದ್ದು ಇದೇ ಊರಾಖ್‌ನಲ್ಲಿ, 1445ರಲ್ಲಿ. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವನೇ 1477ರಲ್ಲಿ ಸ್ಥಾಪಿಸಿದ್ದು. ಮಂಗಳೂರು ಸಮಾಚಾರದ ಮೋಗ್ಲಿಂಗ್ ಓದಿದ್ದು ಅಲ್ಲಿ. 1894ರ ನಿಘಂಟಿಗಾಗಿ ಕಿಟೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅದೇ. ಕಿಟೆಲ್ ಕೊನೆಯ ವರ್ಷಗಳನ್ನು ಆ ಊರಿನಲ್ಲೇ ಕಳೆದು 1903ರಲ್ಲಿ ತೀರಿಕೊಂಡರು. ಊರಾಖ್‌ನಿಂದ ಮೆಟ್ಸಿಂಗೆನ್‌ಗೆ ಬಂದು ಸ್ಟುಟ್‌ಗಾರ್ಟ್ ಬದಲು ಎದುರು ದಿಕ್ಕಿನ ರೈಲು ಹತ್ತಿದರಾಯಿತು. ಐದು ಜನರವರೆಗೆ ನಡೆಯುವ ಬಾಡೆನ್-ವ್ಯೂರ್ಟೆಂಬರ್ಗ್ ಟಿಕೆಟ್ ತೆಗೆದಿದ್ದರೆ ಬೇರೆ ದುಡ್ಡೂ ಇಲ್ಲ. ವಾರದ ದಿನಗಳಲ್ಲಿ ಅದು ಶುರುವಾಗುವುದು ಬೆಳಿಗ್ಗೆ ಒಂಬತ್ತರಿಂದ, ಹಾಗಾಗಿ ತಿಂಡಿ ಮನೆಯಲ್ಲೇ ಮುಗಿಸಿ ಹೊರಡಿ.