ಮೊದಲು ಓಡುವವರು

ಹಾಕಿಯಲ್ಲಿ ಗೋಲ್ ಹೊಡೆದವರ ಹೆಸರು ಸ್ಕೋರ್‌ಬೋರ್ಡ್‌ನಲ್ಲಿ ಬರುತ್ತೆ, ತಡೆದವರದ್ದು ಬರಲ್ಲ. ಒಡಿಶಾದ ಡಿಫೆಂಡರ್ ಅಮಿತ್ ರೋಹಿದಾಸ್ ಅವರನ್ನೇ ನೋಡಿ.

ಪೆನಾಲ್ಟಿ ಕಾರ್ನರ್ ತಡೆಯೋಕೆ ಗೋಲ್‌ಕೀಪರ್ ಸೇರಿ ಐದೇ ಜನ. ಎದುರಾಳಿ ಚೆಂಡನ್ನು ತಳ್ಳಿದ ಕೂಡಲೇ ಒಬ್ಬರು ಗೋಲಿನಿಂದ ನೇರವಾಗಿ ಡ್ರ್ಯಾಗ್‌ಫ್ಲಿಕರ್ ಕಡೆಗೆ ಓಡಬೇಕು. ಅವರೇ ಫಸ್ಟ್ ರಶರ್. ಸಣ್ಣ ಲೆಕ್ಕ ಹಾಕೋಣ: ಗಂಟೆಗೆ 100 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 28 ಮೀಟರ್. ವೃತ್ತದ ಅಂಚು ಗೋಲಿನಿಂದ 14.63 ಮೀಟರ್ ದೂರ. ಅಂದ್ರೆ ಚೆಂಡಿಗೆ ಅರ್ಧ ಸೆಕೆಂಡು ಸಾಕು. ರಶರ್ ಹತ್ತಿರ ಹೋದಷ್ಟೂ ಫ್ಲಿಕರ್‌ಗೆ ಸಿಗುವ ಕೋನ ಕಿರಿದಾಗುತ್ತೆ. ಆದ್ರೆ ಚೆಂಡು ಮೈಗೇ ಬಡಿಯುವ ಅಪಾಯ ಹೆಚ್ಚುತ್ತೆ.

ಟೋಕಿಯೊದಲ್ಲಿ ಭಾರತ ಕಂಚು ಗೆದ್ದಾಗ ಈ ಕೆಲಸ ರೋಹಿದಾಸ್ ಅವರದ್ದು. 2024ರ ಪ್ಯಾರಿಸ್ ಕ್ವಾರ್ಟರ್‌ಫೈನಲ್‌ನಲ್ಲಿ 17ನೇ ನಿಮಿಷಕ್ಕೇ ಅವರಿಗೆ ರೆಡ್ ಕಾರ್ಡ್. ಉಳಿದ ಹತ್ತು ಜನ ಬ್ರಿಟನ್ ಜೊತೆ 1–1 ಸಮ ಮಾಡಿ, ಶೂಟೌಟ್‌ನಲ್ಲಿ 4–2ರಿಂದ ಗೆದ್ದರು. ಸೆಮಿಫೈನಲ್‌ಗೆ ಅವರು ಅಮಾನತು. ಅಲ್ಲಿ ಜರ್ಮನಿಯ ಮೊದಲ ಗೋಲ್ ಬಂದಿದ್ದು ಪೆನಾಲ್ಟಿ ಕಾರ್ನರ್‌ನಿಂದಲೇ. ಭಾರತ 2–3ರಿಂದ ಸೋತಿತು. ಕಂಚಿನ ಪಂದ್ಯಕ್ಕೆ ಅವರು ವಾಪಸ್ ಬಂದರು, ಸ್ಪೇನ್ ವಿರುದ್ಧ 2–1 ಗೆಲುವು.

ಮುಂದಿನ ಸಲ ಪೆನಾಲ್ಟಿ ಕಾರ್ನರ್ ಬಂದಾಗ ಹೊಡೆಯುವವರನ್ನು ಬಿಟ್ಟು, ಎದುರಿಂದ ಓಡಿ ಬರುವವರನ್ನು ನೋಡಿ.