ನೀರು ಸೋಸುವುದು ಮರಳಿನ ಮೇಲಿನ ಎರಡು ಬೆರಳು

ಮಳೆಗಾಲದಲ್ಲಿ ಬಗ್ಗಡವಾಗುವ ತೆರೆದ ಬಾವಿಯ ನೀರನ್ನು ತಿಳಿಯಾಗಿಸಲು ಕರೆಂಟು ಬೇಕಿಲ್ಲ, ಮರಳಿನ ಶೋಧಕ ಸಾಕು. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿಯಲ್ಲಿ ಕಟ್ಟಿದ ನಿಧಾನ ಶೋಧಕದ ತತ್ವವನ್ನೇ 1990ರ ದಶಕದಲ್ಲಿ ಕೆನಡಾದ ಡೇವಿಡ್ ಮ್ಯಾನ್ಜ್ ಮನೆಯಲ್ಲಿಡುವ ಗಾತ್ರಕ್ಕೆ ಇಳಿಸಿದರು.

ಕೆಸರನ್ನು ಮರಳು ಜರಡಿಯಂತೆ ತಡೆಯುತ್ತದೆ. ಆದರೆ ಬ್ಯಾಕ್ಟೀರಿಯಾಗಳು ಮರಳಿನ ಸಂದಿಯಲ್ಲಿ ಸಲೀಸಾಗಿ ನುಸುಳುವಷ್ಟು ಸಣ್ಣವು. ಅವನ್ನು ಹಿಡಿದು ತಿನ್ನುವುದು ಮರಳಿನ ಮೇಲ್ಪದರದಲ್ಲಿ ತಾನಾಗಿ ಬೆಳೆಯುವ ಸೂಕ್ಷ್ಮಜೀವಿಗಳ ಲೋಳೆ. ಶೋಧಕದ ಜೀವವೇ ಅದು.

ಒಂದಡಿ ಅಗಲ, ಮೂರಡಿ ಎತ್ತರದ ಮುಚ್ಚಳವಿರುವ ಡ್ರಮ್ ತೆಗೆದುಕೊಳ್ಳಿ. ರಾಸಾಯನಿಕ ತುಂಬಿದ್ದ ಡ್ರಮ್ ಖಂಡಿತ ಬೇಡ. ತಳದಿಂದ ಹೊರಟ ಅರ್ಧ ಇಂಚಿನ ಪೈಪನ್ನು ಹೊರಗೆ ಮೇಲಕ್ಕೇರಿಸಿ, ಅದರ ಬಾಯಿ ಮರಳಿನ ಮಟ್ಟಕ್ಕಿಂತ 5 ಸೆಂ.ಮೀ. ಮೇಲಿರುವಂತೆ ಬಾಗಿಸಿ. ಆಗ ಮರಳಿನ ಮೇಲೆ ಸದಾ ಅಷ್ಟು ನೀರು ನಿಂತಿರುತ್ತದೆ, ಲೋಳೆ ಒಣಗುವುದಿಲ್ಲ. ಈ ಬಾಯಿಗೆ ನಲ್ಲಿ ಹಾಕಬೇಡಿ.

ತಳಕ್ಕೆ 5 ಸೆಂ.ಮೀ. ದಪ್ಪ ಜಲ್ಲಿ, ಮೇಲೆ ಅಷ್ಟೇ ಸಣ್ಣ ಜಲ್ಲಿ, ಬಳಿಕ 50 ಸೆಂ.ಮೀ.ಗೂ ಹೆಚ್ಚು ಮರಳು. ಹೊಳೆಮರಳಲ್ಲಿ ಕೊಳೆ ಇರಬಹುದು. ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಒಳ್ಳೆಯದು. 0.7 ಮಿ.ಮೀ. ಜರಡಿಯಲ್ಲಿ ಇಳಿದದ್ದನ್ನಷ್ಟೇ ತೊಳೆದು ಬಳಸಿ. ಡ್ರಮ್ಮಿಗೆ ಮೊದಲು ನೀರು, ಆಮೇಲೆ ಮರಳು ಹಾಕಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳದು. ಮೇಲೆ ತೂತಿನ ತಟ್ಟೆ ಇಡಿ, ಸುರಿದ ನೀರು ಮರಳನ್ನು ಕೊರೆಯದಿರಲಿ.

ಒಂದು ಲೀಟರ್ ತುಂಬಲು ಎರಡೂವರೆ ನಿಮಿಷವಾದರೂ ಹಿಡಿಯಬೇಕು. ಬೇಗ ಬಂದರೆ ಮರಳು ದಪ್ಪವಾಯಿತೆಂದರ್ಥ.

ಲೋಳೆ ಬಲಿಯಲು ಒಂದು ತಿಂಗಳವರೆಗೆ ಬೇಕು. ದಿನವೂ ಅದೇ ಬಾವಿಯ ನೀರು ಹಾಕಿ. ಒಮ್ಮೆ ಸುರಿದ ಮೇಲೆ ಕನಿಷ್ಠ ಒಂದು ಗಂಟೆ ಬಿಡಿ. ಎರಡು ದಿನಕ್ಕಿಂತ ಹೆಚ್ಚು ಕಾಲ ನೀರು ಹಾಕದೆ ಬಿಡಬೇಡಿ.

ಅತಿಯಾದ ಶುಚಿತ್ವದಿಂದಲೂ ಶೋಧಕ ಕೆಡುತ್ತದೆ. ಮರಳನ್ನೆಲ್ಲ ತೆಗೆದು ತೊಳೆದರೆ, ಬ್ಲೀಚಿಂಗ್ ಪೌಡರ್ ಸುರಿದರೆ ಲೋಳೆ ಸಾಯುತ್ತದೆ. ಹರಿವು ತೀರಾ ಕುಗ್ಗಿದಾಗ ಮಾತ್ರ ಮೇಲ್ಪದರವನ್ನು ಅಂಗೈಯಿಂದ ಮೆಲ್ಲಗೆ ಕಲಕಿ, ರಾಡಿ ನೀರನ್ನು ಚೊಂಬಿನಲ್ಲಿ ತೆಗೆದು ಚೆಲ್ಲಿ.

ಫ್ಲೋರೈಡ್, ನೈಟ್ರೇಟ್, ಉಪ್ಪು ಇದರಲ್ಲಿ ಹೋಗುವುದಿಲ್ಲ. ಫ್ಲೋರೈಡ್ ಕಾಟವಿರುವ ಕೋಲಾರ, ಪಾವಗಡದ ಕಡೆ ಬೋರ್‌ವೆಲ್ ನೀರು ಕುಡಿಯುವವರು ಇದನ್ನು ನಂಬಿ ಕೂರಬಾರದು; ಮೊದಲು ನೀರಿನ ಪರೀಕ್ಷೆ ಮಾಡಿಸಿ. ವೈರಸ್‌ಗಳೂ ಪೂರ್ತಿ ತಡೆಯಲ್ಪಡುವುದಿಲ್ಲವಾದ್ದರಿಂದ ಸೋಸಿದ ನೀರನ್ನು ಕುದಿಸಿ ಅಥವಾ ಕ್ಲೋರಿನ್ ಹಾಕಿಯೇ ಕುಡಿಯಿರಿ.