ಸ್ವಯಂಚಾಲಿತ ಗೇರಿನ ಕಾರು: ಎಣ್ಣೆ ಬದಲಿಸುವ ಕ್ರಮ

ಕನ್ನಡ ಪಾಠ ಹೇಳುವವರು ಕಾರಿನ ಎಣ್ಣೆಯ ವಿಚಾರ ಬರೆಯುವುದೇಕೆಂದು ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಕಾರಣವಿದೆ. ಕಳೆದ ರಜೆಯಲ್ಲಿ ನಾವು ಮೂವರು ಅಧ್ಯಾಪಕರು ಸೇರಿ ನಮ್ಮ ಗಣಿತ ಅಧ್ಯಾಪಕರ ಮನೆಯಂಗಳದಲ್ಲಿ ಅವರ ಹಳೆಯ ಕಾರಿನ ಗೇರುಪೆಟ್ಟಿಗೆಯ ಎಣ್ಣೆಯನ್ನು ಬದಲಿಸಿದೆವು. ವಿಜ್ಞಾನದವರು ಸ್ಪ್ಯಾನರ್ ಹಿಡಿದರು, ಗಣಿತದವರು ಅಳತೆ ನೋಡಿಕೊಂಡರು, ಕೈಪಿಡಿಯನ್ನು ಓದಿ ಅರ್ಥ ಹೇಳುವ ಕೆಲಸ ಕನ್ನಡದವರ ಪಾಲಿಗೆ ಬಂತು. ಮಾಡಿದ ಕೆಲಸವನ್ನು ಇನ್ನೊಬ್ಬರಿಗೆ ತಿಳಿಯುವಂತೆ ಕ್ರಮವಾಗಿ ಬರೆಯುವುದೂ ಭಾಷಾಭ್ಯಾಸವೇ. ಅಲ್ಲದೆ ಈ ಕೆಲಸದ ಕೊನೆಯಲ್ಲಿ ನಮ್ಮ ಬಾವಿಗಳಿಗೆ ಸಂಬಂಧಿಸಿದ ಮಾತೊಂದಿದೆ. ಅದನ್ನು ಹೆತ್ತವರೂ ಓದಬೇಕೆಂಬುದು ನಮ್ಮ ಆಸೆ.

ಎಣ್ಣೆ ಮಾಡುವ ಕೆಲಸ

ಸಾಮಾನ್ಯ ಕಾರಿನಲ್ಲಿ ಚಾಲಕನು ಕಾಲಿನಿಂದ ಕ್ಲಚ್ ಒತ್ತಿ, ಕೈಯಿಂದ ಗೇರು ಬದಲಿಸುತ್ತಾನೆ. ಸ್ವಯಂಚಾಲಿತ ಗೇರಿನ ಕಾರಿನಲ್ಲಿ ಕ್ಲಚ್ಚಿನ ಪೆಡಲ್ ಇಲ್ಲ. ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ದುಂಡನೆಯ ಭಾಗವಿದೆ. ಎರಡು ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವುದನ್ನು ನೀವು ನೋಡಿರಬಹುದು. ಇಲ್ಲಿಯೂ ಹಾಗೆಯೇ, ಆದರೆ ಗಾಳಿಯ ಬದಲು ಎಣ್ಣೆ. ಎಂಜಿನ್ ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ಎಸೆಯುತ್ತವೆ, ಆ ಎಣ್ಣೆ ಎದುರಿನ ರೆಕ್ಕೆಗಳನ್ನು ತಿರುಗಿಸುತ್ತದೆ. ಈ ತತ್ವಕ್ಕೆ 1905ರಲ್ಲಿ ಪೇಟೆಂಟ್ ಪಡೆದವರು ಹರ್ಮನ್ ಫಟಿಂಗರ್ ಎಂಬ ಜರ್ಮನ್ ಇಂಜಿನಿಯರರು. ಅವರು ಇದನ್ನು ಯೋಚಿಸಿದ್ದು ಹಡಗುಗಳಿಗಾಗಿ. ಕಾರಿನಲ್ಲಿ ಸ್ವಯಂಚಾಲಿತ ಗೇರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1939ರಲ್ಲಿ, ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ ಓಲ್ಡ್ಸ್‌ಮೊಬೈಲ್ ಕಾರಿಗೆ ಹೈಡ್ರಾಮ್ಯಾಟಿಕ್ ಗೇರುಪೆಟ್ಟಿಗೆಯನ್ನು ಅಳವಡಿಸಿದಾಗ.

ಹೀಗೆ ಈ ಎಣ್ಣೆ ಶಕ್ತಿಯನ್ನು ಸಾಗಿಸುತ್ತದೆ. ತನ್ನ ಒತ್ತಡದಿಂದ ಒಳಗಿನ ಕ್ಲಚ್ಚುಗಳನ್ನು ಹಿಡಿಯುತ್ತದೆ, ಬಿಡುತ್ತದೆ. ಹಲ್ಲಿನ ಚಕ್ರಗಳು ಸವೆಯದಂತೆ ಕಾಯುತ್ತದೆ. ಉಷ್ಣವನ್ನು ಹೊತ್ತು ಹೊರಗೆ ಒಯ್ಯುತ್ತದೆ. ಇಷ್ಟೆಲ್ಲ ದುಡಿದ ಎಣ್ಣೆ ಹಳತಾಗದೆ ಇರುತ್ತದೆಯೆ? ಬಿಸಿ ಹೆಚ್ಚಿದಷ್ಟೂ ಅದು ಬೇಗ ಹದಗೆಡುತ್ತದೆ. ಏರುದಾರಿ, ನಿಂತು ನಿಂತು ಸಾಗುವ ಪೇಟೆಯ ಸಂಚಾರ, ಭಾರ ಹೊರುವುದು, ಇವೆಲ್ಲ ಬಿಸಿಯನ್ನು ಹೆಚ್ಚಿಸುತ್ತವೆ. ನಮ್ಮ ಗಣಿತದವರ ಕಾರು ಗುಡ್ಡ ಹತ್ತುವಾಗ ಗೇರು ಬದಲಾಗುವ ಹೊತ್ತಿಗೆ ಜಗ್ಗತೊಡಗಿತ್ತು. ಕಾರು ಮಾರಿದವರು, ಈ ಎಣ್ಣೆಯನ್ನು ಎಂದೂ ಬದಲಿಸಬೇಕಾಗಿಲ್ಲ ಎಂದಿದ್ದರಂತೆ. ಕೈಪಿಡಿ ತೆರೆದು ನೋಡಿದರೆ ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಸ್ಪಷ್ಟವಾಗಿ ಬರೆದಿತ್ತು. ಕೇಳಿದ ಮಾತಿಗಿಂತ ಓದಿದ ಮಾತು ಮೇಲೆಂಬುದಕ್ಕೆ ಇದೊಂದು ನಿದರ್ಶನ.

ಯಾವ ಎಣ್ಣೆ?

ಈ ಎಣ್ಣೆಗೆ ಸಾಮಾನ್ಯವಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ. ನೆಲದ ಮೇಲೆ ಸೋರಿದ್ದು ಎಂಜಿನ್ನಿನ ಎಣ್ಣೆಯೋ ಗೇರಿನದೋ ಎಂದು ಗುರುತಿಸಲು ಅದು ಸಹಾಯಕ. ಆದರೆ ಕೆಂಪಾಗಿರುವುದೆಲ್ಲ ಒಂದೇ ಅಲ್ಲ. ಕೈಪಿಡಿಯಲ್ಲಿ ಹೇಳಿದ ಜಾತಿಯದನ್ನೇ ಹಾಕತಕ್ಕದ್ದು. ಬೆಲ್ಟಿನಿಂದ ನಡೆಯುವ ಸಿವಿಟಿ ಗೇರಿಗೆ ಬೇರೆ ಎಣ್ಣೆ, ಎರಡು ಕ್ಲಚ್ಚಿನ ಗೇರಿಗೆ ಬೇರೆ. ಸಾಮಾನ್ಯ ಗೇರುಪೆಟ್ಟಿಗೆಗೇ ಯಂತ್ರದ ಕೈ ಜೋಡಿಸಿದ ಎಎಂಟಿ ಕಾರುಗಳೂ ನಮ್ಮ ರಸ್ತೆಗಳಲ್ಲಿ ಬಹಳ ಇವೆ; ಅವುಗಳಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲ. ಆದುದರಿಂದ ಮೊದಲು ನಮ್ಮ ಕಾರು ಯಾವುದೆಂದು ತಿಳಿಯಬೇಕು. ಅಳತೆಯ ಕಡ್ಡಿ ಇಲ್ಲದ, ಮುಚ್ಚಿದ ಗೇರುಪೆಟ್ಟಿಗೆಗಳೂ ಉಂಟು. ಅವುಗಳಲ್ಲಿ ಎಣ್ಣೆ ನಿಗದಿಯಾದ ಉಷ್ಣತೆಯಲ್ಲಿರುವಾಗಲೇ ಮಟ್ಟ ನೋಡಬೇಕಾಗುತ್ತದೆ. ಅದನ್ನು ಗ್ಯಾರೇಜಿಗೆ ಬಿಡುವುದು ಲೇಸು. ನಾವು ಮಾಡಿದ್ದು ಅಳತೆಯ ಕಡ್ಡಿ ಇರುವ ಕಾರಿನ ಕೆಲಸ.

ಸಿದ್ಧತೆ

ಹೊಸ ಎಣ್ಣೆ, ಕೆಳಗಿನ ಬೋಲ್ಟಿಗೆ ಹೊಸ ವಾಷರ್, ಸರಿಯಾದ ಸ್ಪ್ಯಾನರ್, ಉದ್ದನೆಯ ಲಾಳಿಕೆ, ಅಗಲವಾದ ಬೋಗುಣಿ, ಲೀಟರಿನ ಗುರುತಿರುವ ಪಾತ್ರೆ, ನೂಲು ಬಿಡದ ಬಟ್ಟೆ, ಕೈಗವಸು, ಇವಿಷ್ಟು ಬೇಕು. ಕಾರನ್ನು ಮಟ್ಟಸವಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನೆಲದಲ್ಲಿ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಬರಿಯ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಯಾರೂ ಹೋಗಕೂಡದು. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕೈಪಿಡಿ ತೋರಿಸಿದ ಜಾಗದಲ್ಲೇ ಕೊಡಬೇಕು. ಅಂಗಳದ ಬದಿಯಲ್ಲಿ ರಾಶಿ ಹಾಕಿದ ಮುರಕಲ್ಲು ಕೈಗೆ ಸುಲಭವಾಗಿ ಸಿಗುತ್ತದೆ. ಆದರೆ ಭಾರ ಬಿದ್ದಾಗ ಅದು ಹಠಾತ್ತನೆ ಒಡೆದೀತು. ಅದನ್ನು ಆಸರೆಗಿಡಬೇಡಿ. ವಿದ್ಯಾರ್ಥಿಗಳು ಹಿರಿಯರಿಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಬದಲಿಸುವ ಕ್ರಮ

1. ಕಾರನ್ನು ಎತ್ತುವ ಮೊದಲು ಹತ್ತು ನಿಮಿಷ ಓಡಿಸಿ ತನ್ನಿರಿ. ಬೆಚ್ಚಗಾದ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ಎಂಜಿನ್ ನಿಲ್ಲಿಸಿ, ಕೈ ಸುಡದಷ್ಟು ಆರಲು ಬಿಡಿ.

2. ಗೇರುಪೆಟ್ಟಿಗೆಯ ಅಡಿಯ ಬೋಲ್ಟ್ ಯಾವುದೆಂದು ಕೈಪಿಡಿಯ ಚಿತ್ರದೊಡನೆ ತಾಳೆ ನೋಡಿ. ಎಂಜಿನ್ನಿನ ಬೋಲ್ಟನ್ನು ತಪ್ಪಾಗಿ ಬಿಚ್ಚಿದವರಿದ್ದಾರೆ.

3. ಬೋಗುಣಿ ಇಟ್ಟು ಬೋಲ್ಟ್ ಬಿಚ್ಚಿ. ಎಣ್ಣೆ ತೊಟ್ಟಿಕ್ಕುವುದು ನಿಲ್ಲುವ ತನಕ ಕಾಯಿರಿ. ಬೋಲ್ಟಿಗೆ ಆಯಸ್ಕಾಂತವಿದ್ದರೆ ಅದರಲ್ಲಿ ಬೂದುಬಣ್ಣದ ನುಣುಪಾದ ಕೆಸರು ಅಂಟಿರುತ್ತದೆ, ಅದು ಸಹಜ. ಲೋಹದ ಚೂರುಗಳಿದ್ದರೆ ಒಳಗೇನೋ ಮುರಿದಿದೆ ಎಂದರ್ಥ.

4. ಎಣ್ಣೆಯ ಬಣ್ಣ, ವಾಸನೆ ನೋಡಿ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಕ್ಲಚ್ಚುಗಳು ಕಾದಿವೆ. ಹಾಲು ಬೆರೆಸಿದಂತೆ ನಸುಗೆಂಪಾಗಿದ್ದರೆ ನೀರು ಸೇರಿದೆ. ಇಂಥದು ಕಂಡರೆ ತಿಳಿದ ಮೆಕ್ಯಾನಿಕರಿಗೆ ತೋರಿಸಬೇಕು.

5. ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿಯಿರಿ. ಎಷ್ಟು ಬಿಗಿಯಬೇಕೆಂಬುದಕ್ಕೂ ಕೈಪಿಡಿಯಲ್ಲಿ ಅಳತೆಯಿದೆ. ಬಲ ಪ್ರದರ್ಶಿಸಿದರೆ ಅಲ್ಯೂಮಿನಿಯಮ್ಮಿನ ಮರೆ ಹಾಳಾಗುತ್ತದೆ.

6. ಇಳಿದ ಎಣ್ಣೆಯನ್ನು ಅಳೆಯಿರಿ. ಅಷ್ಟನ್ನೇ ಹೊಸ ಎಣ್ಣೆಯಾಗಿ, ಅಳತೆಯ ಕಡ್ಡಿಯ ನಳಿಗೆಯಲ್ಲಿ ಲಾಳಿಕೆಯಿಟ್ಟು ನಿಧಾನವಾಗಿ ಹೊಯ್ಯಿರಿ.

7. ಕಾರನ್ನು ನೆಲಕ್ಕಿಳಿಸಿ, ಎಂಜಿನ್ ಚಾಲೂ ಮಾಡಿ, ಬ್ರೇಕನ್ನು ಗಟ್ಟಿಯಾಗಿ ತುಳಿದುಕೊಂಡು ಗೇರಿನ ಹಿಡಿಯನ್ನು ಒಂದೊಂದು ಸ್ಥಾನದಲ್ಲೂ ಕೆಲವು ಸೆಕೆಂಡು ಇಟ್ಟು, ಮತ್ತೆ ಪಾರ್ಕಿಗೆ ತನ್ನಿರಿ. ಆಗ ಕಾರಿನ ಮುಂದೆ ಯಾರೂ ನಿಂತಿರಬಾರದು, ಹಿಂದೆಯೂ.

8. ಕೊನೆಗೆ ಕಡ್ಡಿಯನ್ನು ಒರಸಿ, ಅದ್ದಿ, ಮಟ್ಟ ನೋಡಿ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗ, ಕೆಲವದರಲ್ಲಿ ನಿಂತ ಮೇಲೆ ನೋಡಬೇಕು. ಇದನ್ನೂ ಕೈಪಿಡಿಯೇ ಹೇಳುತ್ತದೆ. ಅಡಿಯಲ್ಲಿ ಸೋರುತ್ತಿದೆಯೇ ಎಂದೂ ಇಣುಕಿ ನೋಡಿ.

ಎಣ್ಣೆ ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ. ಹೆಚ್ಚಾದರೆ ತಿರುಗುವ ಚಕ್ರಗಳು ಅದನ್ನು ಕಡೆದು ನೊರೆ ಎಬ್ಬಿಸುತ್ತವೆ. ಎರಡರಿಂದಲೂ ಒತ್ತಡ ಕುಸಿದು ಕ್ಲಚ್ಚು ಜಾರುತ್ತದೆ. ಆದುದರಿಂದ ಈ ಕೆಲಸದಲ್ಲಿ ಧಾರಾಳತನಕ್ಕೆ ಎಡೆಯಿಲ್ಲ.

ಒಂದು ಲೆಕ್ಕ

ಕೈಪಿಡಿಯ ಪ್ರಕಾರ ನಮ್ಮ ಗಣಿತದವರ ಕಾರಿಗೆ ಒಟ್ಟು 6.5 ಲೀಟರು ಎಣ್ಣೆ. ಆದರೆ ಕೆಳಗೆ ಇಳಿದದ್ದು 3.25 ಲೀಟರು ಮಾತ್ರ. ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲೂ ನಳಿಗೆಗಳಲ್ಲೂ ನಿಂತಿರುತ್ತದೆ. ಅಂದರೆ ಒಮ್ಮೆ ಬದಲಿಸಿದಾಗ ಅರ್ಧದಷ್ಟು ಹೊಸದಾಯಿತು. ಕೆಲವು ದಿನ ಓಡಿಸಿ ಪುನಃ ಅಷ್ಟೇ ಬದಲಿಸಿದರೆ ಉಳಿದ ಅರ್ಧದಲ್ಲಿ ಅರ್ಧ ಹೋಗಿ, ಮುಕ್ಕಾಲು ಪಾಲು ಹೊಸದು. ಮೂರನೆಯ ಸಲಕ್ಕೆ ಎಂಟರಲ್ಲಿ ಏಳು ಪಾಲು. ಹಳೆಯದು ಪೂರ್ತಿ ಎಂದೂ ಹೋಗುವುದಿಲ್ಲ, ಪ್ರತಿಸಲವೂ ಅರ್ಧವಾಗುತ್ತ ಬರುತ್ತದೆ. ತರಗತಿಯ ಕಪ್ಪುಹಲಗೆಯ ಮೇಲೆ ಕಾಣುವ ಗುಣೋತ್ತರ ಶ್ರೇಢಿ ಹೀಗೆ ಅಂಗಳದ ಬೋಗುಣಿಯಲ್ಲೂ ಕಾಣಿಸಿಕೊಂಡಿತು.

ಹಳೆಯ ಎಣ್ಣೆ ಎಲ್ಲಿಗೆ?

ಹೊಸ ಎಣ್ಣೆ ಹೊಯ್ದು ಮುಗಿದರೂ ಬೋಗುಣಿಯಲ್ಲಿ ಮೂರೂಕಾಲು ಲೀಟರು ಹಳೆಯ ಎಣ್ಣೆ ಉಳಿಯಿತು. ಇದನ್ನು ಏನು ಮಾಡುವುದು? ತೆಂಗಿನ ಬುಡಕ್ಕೆ ಹೊಯ್ದರಾಯಿತು ಎಂದು ನೋಡಲು ಬಂದಿದ್ದವರೊಬ್ಬರು ಹೇಳಿದರು. ಆಗ ನಮಗೆ ನಮ್ಮದೇ ಹಳೆಯ ತಪ್ಪು ನೆನಪಾಯಿತು. ಇಪ್ಪತ್ತು ವರ್ಷಗಳ ಹಿಂದೆ ತೋಟದ ಡೀಸೆಲ್ ಪಂಪಿನ ಕರಿ ಎಣ್ಣೆಯನ್ನು ನಾವು ಕೊಟ್ಟಿಗೆಯ ಹಿಂದಿನ ಗುಂಡಿಗೆ ಸುರಿಯುತ್ತಿದ್ದೆವು. ಯಾರೂ ಬೇಡವೆನ್ನಲಿಲ್ಲ. ಆಟಿಯ ಮಳೆ ಹೊಯ್ದ ಒಂದು ಬೆಳಿಗ್ಗೆ ಬಾವಿಯಿಂದ ಸೇದಿದ ಕೊಡಪಾನದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ತೇಲುತ್ತಿತ್ತು. ಬಾವಿಯನ್ನು ಎರಡು ಸಲ ಬತ್ತಿಸಿದರೂ ವಾಸನೆ ಹೋಗಲಿಲ್ಲ. ಆ ವರ್ಷವಿಡೀ ನಮ್ಮ ತಾಯಿ ನೆರೆಮನೆಯ ಬಾವಿಯಿಂದ ನೀರು ಹೊತ್ತರು. ಅವರು ನಮ್ಮನ್ನು ಬೈಯಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು.

ನಮ್ಮ ಕಾಸರಗೋಡಿನ ಮುರಕಲ್ಲು ಜೇನುಗೂಡಿನಂತೆ ತೂತುಗಳಿಂದ ಕೂಡಿದೆ. ಮಳೆನೀರು ಅದರೊಳಗೆ ಇಳಿದು ಬಾವಿಯನ್ನೂ ಗುಡ್ಡದ ಸುರಂಗವನ್ನೂ ತುಂಬುತ್ತದೆ. ನೀರು ಇಳಿಯುವ ದಾರಿಯಲ್ಲೇ ಎಣ್ಣೆಯೂ ಇಳಿಯುತ್ತದೆ. ಒಂದು ಅಂಗಳದಲ್ಲಿ ಸುರಿದದ್ದು ಇನ್ನೊಬ್ಬರ ಕೊಡಪಾನಕ್ಕೆ ಬಂದೀತು. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ.

ಇನ್ನೊಂದು ಸಂಗತಿ. 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಗೇರಿನ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ಆ ಜೀವಿಗಳನ್ನು ಉಳಿಸಲು ಕಾನೂನು ಬಂದ ಮೇಲೆ ಅದನ್ನು ಬಿಟ್ಟು ಬೇರೆ ವಸ್ತುಗಳನ್ನು ಕಂಡುಕೊಂಡರು. ಕಾರುಗಳೇನೂ ನಿಂತುಹೋಗಲಿಲ್ಲ. ರೂಢಿಯನ್ನು ಬಿಡಲು ಸಾಧ್ಯವಿಲ್ಲವೆಂಬುದು ಬರಿಯ ನೆಪ.

ನಾವು ಹಳೆಯ ಎಣ್ಣೆಯನ್ನು ಹೊಸ ಎಣ್ಣೆ ಬಂದ ಡಬ್ಬಿಗಳಿಗೇ ತುಂಬಿ, ಮುಚ್ಚಳ ಬಿಗಿದು, ಮರುಸಂಸ್ಕರಣೆಗೆ ಕಳುಹಿಸುವ ಪೇಟೆಯ ಗ್ಯಾರೇಜೊಂದಕ್ಕೆ ಒಪ್ಪಿಸಿ ಬಂದೆವು. ನೆಲಕ್ಕೆ ಚೆಲ್ಲಿದ ನಾಲ್ಕು ಹನಿಗಳನ್ನು ಮರದ ಹುಡಿಯಿಂದ ಎತ್ತಿದೆವು. ಗಣಿತದವರ ಕಾರು ಈಗ ಜಗ್ಗದೆ ಗುಡ್ಡ ಹತ್ತುತ್ತಿದೆ. ಅವರ ಮನೆಯ ಬಾವಿಯ ನೀರನ್ನು ಅಂದು ಸಂಜೆ ನಾವೆಲ್ಲ ಕುಡಿದೆವು.

ಅಭ್ಯಾಸ

1. ಒಂದು ಗೇರುಪೆಟ್ಟಿಗೆಗೆ ಒಟ್ಟು 9 ಲೀಟರು ಎಣ್ಣೆ. ಪ್ರತಿಸಲ 3 ಲೀಟರು ಇಳಿಯುತ್ತದೆ. ಮೂರು ಸಲ ಬದಲಿಸಿದ ಮೇಲೆ ಹಳೆಯ ಎಣ್ಣೆ ಎಷ್ಟು ಪಾಲು ಉಳಿಯುತ್ತದೆ?

2. ನಿಮ್ಮ ಮನೆಯಲ್ಲಿ ಹೆತ್ತವರು ಮಾಡುವ ಒಂದು ಕೆಲಸವನ್ನು ನೋಡಿ, ಅದನ್ನು ಅರಿಯದವರೂ ಮಾಡುವಂತೆ ಎಂಟು ವಾಕ್ಯಗಳಲ್ಲಿ ಕ್ರಮವಾಗಿ ಬರೆಯಿರಿ.

3. ನಿಮ್ಮ ನೆರೆಕರೆಯಲ್ಲಿ ಹಳೆಯ ಎಣ್ಣೆಯನ್ನು ಏನು ಮಾಡುತ್ತಾರೆ? ಕೇಳಿ ತಿಳಿದು, ತರಗತಿಯಲ್ಲಿ ಹೇಳಿರಿ.